ನನ್ನ ಮಷಿನ್ ಸುಟ್ಟವರಿಗೆ ಕಾನೂನೇ ಕಾವಲು!

ಟೈಮ್ ಬಾರ್ ಆಗಿದೆ, ಅಂದರೆ ದಾವೆ ಹಾಕುವ ಕಾಲ ಮೀರಿದೆ ಅಂದರು ವಕೀಲರು. ನಾನು ಕೊಂಡುಹೋದ ಬಿಲ್ಲು, ಫೋಟೋ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಅಡಿಕೆ ಸುಲಿಯುವ ಮಷಿನ್ ಹಾಳಾದ ದಿನ ಯಾವುದು ಅಂತ ಕೇಳಿದರು, ಬೆರಳು ಮಡಚಿ ಎಣಿಸಿದರು, ಅಷ್ಟೇ. ಮಷಿನ್ ನನ್ನದು, ದುಡ್ಡು ನನ್ನದು, ಹಾಳು ಮಾಡಿದವರು ಯಾರು ಅಂತ ಇಡೀ ಊರಿಗೆ ಗೊತ್ತು. ಆದರೂ ಇನ್ನು ಕೋರ್ಟಲ್ಲಿ ಕೇಳುವ ಹಾಗಿಲ್ಲವಂತೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಸುಲಿಯಲು ಜನ ಸಿಗುವುದಿಲ್ಲ, ಮೆಟ್ಟುಗತ್ತಿ ಹಿಡಿದು ಕೂರುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಸೊಸೈಟಿಯಲ್ಲಿ ಸಾಲ ಮಾಡಿ ಸುಲಿಯುವ ಮಷಿನ್ ತಂದೆ. ವರಸೆಯಲ್ಲಿ ಭಾವ ಆಗಬೇಕಾದವರೊಬ್ಬರು ಬಂದು, "ನಾಲ್ಕು ದಿನಕ್ಕೆ ಕೊಡು ಮಾರಾಯ, ಅಡಿಕೆ ಗೊನೆ ತೆಗೆಸಿ ಅಂಗಳದಲ್ಲಿ ರಾಶಿ ಹಾಕಿದ್ದೀನಿ, ಇಟ್ಟುಕೊಂಡರೆ ಹಾಳಾಗುತ್ತೆ" ಅಂದರು. ಕೊಟ್ಟೆ. ವೋಲ್ಟೇಜ್ ಕಡಿಮೆ ಇದ್ದಾಗ ಓಡಿಸಬೇಡಿ ಅಂತ ಹೇಳಿಯೇ ಕೊಟ್ಟೆ. ಅವರು ಲೈಟು ಮಿಣಮಿಣ ಅನ್ನುವಾಗಲೂ ರಾತ್ರಿಯೆಲ್ಲ ಓಡಿಸಿದ್ದಾರೆ. ಮೋಟರ್ ಸುಟ್ಟಿತು, ಬ್ಲೇಡು ಮುರಿಯಿತು. ಟಾರ್ಪಾಲು ಹೊದೆಸಿ ಪಿಕಪ್ಪಿನಲ್ಲಿ ತಂದು ನಮ್ಮ ಅಂಗಳದಲ್ಲಿ ಇಳಿಸಿ ಹೋದರು.

"ಮಾಡಿಸಿ ಕೊಡ್ತೀನಿ" ಅಂದರು. ಆಗುವುದಿಲ್ಲ ಅಂತ ಒಂದು ದಿನವೂ ಅನ್ನಲಿಲ್ಲ, ಅಲ್ಲೇ ಇರುವುದು ಅವರ ಜಾಣತನ. ಮೊದಲು ಅಡಿಕೆ ಮಂಡಿಗೆ ಹೋಗಲಿ ಅಂದರು. ಆಮೇಲೆ ರೇಟು ಏರಲಿ ಅಂದರು. ರೇಟು ಏರಿತು, ಅಷ್ಟರಲ್ಲಿ ಮಗಳ ಮದುವೆ. ಮದುವೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಲೂ ಕೈಯಲ್ಲಿ ಕಾಸಿಲ್ಲ ಅಂದರು. ಮುಂದಿನ ವರ್ಷ ಅವರ ಮನೆಯಲ್ಲಿ ಸಾವಾಯಿತು. ಸೂತಕದ ಮನೆಗೆ ಹೋಗಿ ಮೋಟರ್ ದುಡ್ಡು ಕೇಳಲಿಕ್ಕೆ ಆಗುತ್ತದಾ? ಊರಿನ ಹಿರಿಯರ ಎದುರು ಕೂತು ಮಾತಾಡಿದ್ದೂ ಆಯಿತು. ಅಲ್ಲೂ ತಲೆಯಾಡಿಸಿ, ಕಾಫಿ ಕುಡಿದು, ಎದ್ದು ಹೋದರು. ಎಲ್ಲವೂ ಬಾಯಿಮಾತು. ದಿನಾ ವಾಟ್ಸಾಪಲ್ಲಿ ಶುಭೋದಯ ಕಳಿಸುವ ಮನುಷ್ಯ ಈ ವಿಷಯದಲ್ಲಿ ಒಂದು ಸಾಲು ಬರೆದವರಲ್ಲ.

ಈಗ ಕಾನೂನು ಹೇಳುವುದನ್ನು ಕೇಳಿ. 1963ರ ಕಾಲಮಿತಿ ಕಾಯ್ದೆ. ಅದರ ಆರ್ಟಿಕಲ್ 91ರ ಪ್ರಕಾರ, ಯಾರಾದರೂ ನಮ್ಮ ವಸ್ತು ಹಾಳು ಮಾಡಿದರೆ ಪರಿಹಾರಕ್ಕೆ ದಾವೆ ಹಾಕಲು ಇರುವುದು ಮೂರು ವರ್ಷ. ಎಣಿಕೆ ವಸ್ತು ಹಾಳಾದ ದಿನದಿಂದ. ಕಳುವಾದ ವಸ್ತುವಾದರೆ ಹಾಗಲ್ಲ, ಅದು ಯಾರ ಹತ್ತಿರ ಇದೆ ಅಂತ ನಮಗೆ ಮೊದಲು ಗೊತ್ತಾದ ದಿನದಿಂದ ಎಣಿಕೆ. ಒಯ್ದವರು ಕೊಡದೆ ಇಟ್ಟುಕೊಂಡರೆ, ಇಟ್ಟುಕೊಂಡದ್ದು ಅಕ್ರಮ ಆದ ದಿನದಿಂದ. ಅಂದರೆ ಭಾವ ನನ್ನ ಮಷಿನ್ನನ್ನು ಅವರ ಕೊಟ್ಟಿಗೆಯಲ್ಲೇ ಇಟ್ಟುಕೊಂಡು ಈಗ ಬಂದು "ಕೊಡಲ್ಲ, ಹೋಗು" ಅಂದಿದ್ದರೆ ನನಗೆ ದಾರಿ ಇರುತ್ತಿತ್ತು. ಕಳ್ಳ ಹೊತ್ತೊಯ್ದು ಹೊಸನಗರದಲ್ಲೋ ಸಾಗರದಲ್ಲೋ ಮಾರಿ, ನನಗೆ ನಿನ್ನೆ ಸುಳಿವು ಸಿಕ್ಕಿದ್ದರೂ ದಾರಿ ಇರುತ್ತಿತ್ತು. ಮರ್ಯಾದಸ್ಥರು ಸುಟ್ಟು ವಾಪಸ್ ತಂದುಕೊಟ್ಟರು ನೋಡಿ, ನನ್ನ ಬಾಗಿಲು ಮುಚ್ಚಿತು.

ಮತ್ತೆ ಅಷ್ಟು ಸಲ ಒಪ್ಪಿಕೊಂಡರಲ್ಲ ಅಂದೆ. ಒಪ್ಪಿದ್ದು ಬರಹದಲ್ಲಿ ಇರಬೇಕು, ಸಹಿ ಇರಬೇಕು, ಅದೂ ಮೂರು ವರ್ಷ ಮುಗಿಯುವುದರೊಳಗೆ ಆಗಿರಬೇಕು, ಆಗ ಮಾತ್ರ ಹೊಸದಾಗಿ ಎಣಿಕೆ ಅಂದರು ವಕೀಲರು. ಸಹಿ! ಭಾವನ ಹತ್ತಿರ! ಈ ಕಾನೂನು ಬರೆದವರು ಮಲೆನಾಡಿನಲ್ಲಿ ಒಂದು ಮದುವೆ ಊಟಕ್ಕಾದರೂ ಬಂದಿದ್ದರಾ? ಮೋಟರ್ ಸುಟ್ಟದ್ದಕ್ಕೆ ಬರೆದುಕೊಡಿ ಅಂತ ನೆಂಟರನ್ನು ಕೇಳಿದರೆ ಮೂರು ತಲೆಮಾರಿನ ಹೋಗಿಬರುವ ಬಳಕೆ ಅವತ್ತಿಗೇ ನಿಂತುಹೋಗುತ್ತದೆ.

ಇನ್ನೂ ಉರಿಯುವ ಮಾತು ಇದೆ. ಭಾವ ಕೋರ್ಟಿಗೆ ಬಂದು "ತಡ ಆಗಿದೆ" ಅಂತ ಬಾಯಿ ಬಿಡದಿದ್ದರೂ ನ್ಯಾಯಾಧೀಶರೇ ದಾವೆ ವಜಾ ಮಾಡಬೇಕಂತೆ. ತಡಕ್ಕೆ ಕಾರಣ ಹೇಳಿ ಮನ್ನಿಸಿ ಅನ್ನೋಣ ಅಂದರೆ, ಅದಕ್ಕಿರುವ ಸೆಕ್ಷನ್ 5 ಅಪೀಲಿಗೆ, ಅರ್ಜಿಗೆ ಮಾತ್ರ. ದಾವೆಗೆ ಇಲ್ಲ. ಆದರೆ ಕೊನೆಯ ದಿನ ಕೋರ್ಟಿಗೇ ರಜೆ ಇದ್ದರೆ ಬಾಗಿಲು ತೆರೆದ ದಿನ ಹಾಕಬಹುದು. ಅವರ ರಜೆಗೆ ಲೆಕ್ಕ ಇದೆ, ನಮ್ಮ ಸೂತಕಕ್ಕೆ ಇಲ್ಲ. ಕೊರೊನಾ ಸಮಯದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನೇ ಸುಪ್ರೀಂ ಕೋರ್ಟ್ ಎಣಿಕೆಯಿಂದ ಬಿಟ್ಟಿತ್ತು. ನನ್ನ ಮಷಿನ್ ಸುಟ್ಟದ್ದು ಅದಾದ ಮೇಲೆ, ನನ್ನ ಹಣೆಬರಹ.

ಸರ್ಕಾರ ನಮ್ಮ ಮೇಲೆ ದಾವೆ ಹಾಕುವುದಾದರೆ ಎಷ್ಟು ಸಮಯ ಗೊತ್ತಾ? 30 ವರ್ಷ. ಆರ್ಟಿಕಲ್ 112. ನಮಗೆ 3, ಅವರಿಗೆ 30. ಈ ಕಾಯ್ದೆ ಜಾರಿಗೆ ಬಂದದ್ದು 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಆ ಅಣೆಕಟ್ಟಿನಿಂದಾದ ಶರಾವತಿ ಮುಳುಗಡೆಯ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಆ ತಡಕ್ಕೆ ಯಾವ ಆರ್ಟಿಕಲ್ ಇದೆ ಅಂತ ವಕೀಲರನ್ನು ಕೇಳಬೇಕು ಅಂದುಕೊಂಡೆ, ಫೀಸು ಜಾಸ್ತಿಯಾದೀತು ಅಂತ ಸುಮ್ನಾದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಮೊದಲೇ "ಇದು ಸಿವಿಲ್ ಮ್ಯಾಟರ್" ಅಂದಿದ್ದರು. ರಿಪೇರಿ ಅಂಗಡಿಯವರು ದುಡ್ಡು ತೆಗೆದುಕೊಂಡು ಹಾಳು ಮಾಡಿದ್ದರೆ ಗ್ರಾಹಕರ ಆಯೋಗ ಇತ್ತು. ಅಲ್ಲಿ ಎರಡೇ ವರ್ಷ, ಆದರೆ ಸರಿಯಾದ ಕಾರಣ ಇದ್ದರೆ ತಡ ಮನ್ನಿಸುತ್ತಾರೆ. ಭಾವನಿಂದ ನಾನು ಬಾಡಿಗೆಯನ್ನೂ ತೆಗೆದುಕೊಂಡಿಲ್ಲ, ಅವರಿಂದ ಏನನ್ನೂ ಕೊಂಡಿಲ್ಲ. ಉಪಕಾರ ಮಾಡಿದವನಿಗೆ ಯಾವ ಆಯೋಗವೂ ಇಲ್ಲ.

ಮಿತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಜ್ಜ ಕೊಟ್ಟ ತಾಮ್ರದ ಹಂಡೆಗೆ ಮೊಮ್ಮಕ್ಕಳು ಕೋರ್ಟು ಹತ್ತುವುದು ಯಾರಿಗೂ ಬೇಡ. ಆದರೆ ಹಿರಿಯರ ಎದುರು ಒಪ್ಪಿಕೊಂಡ ಮಾತಿಗೂ ಒಂದು ಬೆಲೆ ಬೇಡವಾ? ದಿನ ದೂಡುವವರಿಗೇ ಲಾಭ ಆಗುವ ಲೆಕ್ಕ ಇದು. ಅವರು ಸುಳ್ಳು ಹೇಳಬೇಕಾಗಿಲ್ಲ, ಜಗಳ ಆಡಬೇಕಾಗಿಲ್ಲ, ನಗುತ್ತಾ "ಆಯ್ತು ಮಾರಾಯ" ಅನ್ನುತ್ತಾ ಇದ್ದರೆ ಸಾಕು.

ಮೊನ್ನೆ ಭಾವನೇ ಫೋನ್ ಮಾಡಿದ್ದರು. ಅಡಿಕೆ ಗೊನೆ ತೆಗೆಯಲು ನನ್ನ ಫೈಬರ್ ದೋಟಿ ಬೇಕಂತೆ, ನಾಲ್ಕು ದಿನಕ್ಕೆ. ಕೊಡಲ್ಲ ಅಂದೆ. ಈಗ ಊರಲ್ಲಿ ನಾನೇ ಜಿಪುಣ.