ಆ ಮಾತು ಆಡಿದ್ದು ನಾನು

"ಸಿಯಾಚಿನ್‌ನಲ್ಲಿ ಶತ್ರುವಿಗೆ ಹೆದರಲಿಲ್ಲ, ಗಿರಮಿಟ್ ಸಿಗದ ಸಂಜೆಗಳಿಗೆ ಹೆದರಿದೆ."

ನಮ್ಮ ವಾರ್ಡಿನ ಅಭ್ಯರ್ಥಿ ಈ ಮಾತನ್ನು ಎಲ್ಲಿಯೂ ಆಡಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡುಗಳಿಗೆ ಚುನಾವಣೆ ಬಂದಾಗ ನಾನೇ ಬರೆದದ್ದು. ಫ್ಲೆಕ್ಸ್‌ನಲ್ಲಿದ್ದ ಅವರ ಸಮವಸ್ತ್ರದ ಫೋಟೊ ಅಂಟಿಸಿ, ಉದ್ಧರಣ ಚಿಹ್ನೆ ಹಾಕಿ, ಕೆಳಗೆ ಇರುವೆಗಾತ್ರದಲ್ಲಿ 'ವಿಡಂಬನೆ' ಎಂದು ಸೇರಿಸಿದ್ದೆ.

ಮೂರನೆಯ ದಿನ ಅದು ನಮ್ಮ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿಗೇ ಬಂತು. ಕೆಳಗಿನ ಪದವನ್ನು ಯಾರೋ ಕತ್ತರಿಸಿದ್ದರು. ಕಳುಹಿಸಿದವರು ಗದಗಿನ ಸೋದರಮಾವ, ನಿವೃತ್ತ ಸುಬೇದಾರರು. "ಹಿಮದಲ್ಲಿ ಬೆರಳು ಕಳೆದುಕೊಂಡವರನ್ನು ಕಂಡಿದ್ದೇನೆ. ಇವನಿಗೆ ಗಿರಮಿಟ್ಟಿನ ಚಿಂತೆ!" ಎಂದು ಬರೆದಿದ್ದರು. ಫೋನು ಮಾಡಿ, "ಮಾವಾ, ಅದನ್ನು ಬರೆದವನು ನಾನು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ಹೇಳುವಾಗ ನೀನು ಅಲ್ಲೇ ಇದ್ದೆಯಾ?" ಎಂದರು.

ಗೆಳೆಯರು ನಕ್ಕರು. ಓದಲು ಬಾರದವರು ಮೋಸಹೋಗುತ್ತಾರೆ, ಬರೆದವನ ತಪ್ಪೇನು ಎಂದರು. ನನಗೆ ಒಪ್ಪಿಗೆಯಿಲ್ಲ. 2012ರಲ್ಲಿ ಅಮೆರಿಕದ ವಿಡಂಬನಾ ಪತ್ರಿಕೆ 'ದಿ ಆನಿಯನ್' ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅವರನ್ನು ಅತ್ಯಂತ ಆಕರ್ಷಕ ಪುರುಷ ಎಂದು ತಮಾಷೆಗೆ ಘೋಷಿಸಿದಾಗ, ಚೀನಾದ 'ಪೀಪಲ್ಸ್ ಡೈಲಿ' ಪತ್ರಿಕೆಯ ಜಾಲತಾಣ 55 ಚಿತ್ರಗಳ ಸಮೇತ ಅದನ್ನು ಸುದ್ದಿ ಮಾಡಿತ್ತು. ಸಂಪಾದಕರ ಪಾಡೇ ಹೀಗಿರುವಾಗ ಮಾವನನ್ನು ಏನೆನ್ನಲಿ?

ರಂಗಪಂಚಮಿಗೆ ನಮ್ಮ ಓಣಿಯಲ್ಲಿ ಅಣಕು ಶವಯಾತ್ರೆ ಹೊರಡುತ್ತಿತ್ತು. ಚಟ್ಟದ ಮೇಲಿನ 'ಹೆಣ' ನಡುನಡುವೆ ಎದ್ದು ಬೀಡಿ ಕೇಳುತ್ತಿತ್ತು. ಹಲಗೆಯ ಸದ್ದು, ಬಣ್ಣ, ಬೊಬ್ಬೆ ಎಲ್ಲವೂ ಇದ್ದುದರಿಂದ ಯಾರೂ ಹಾರ ತರುತ್ತಿರಲಿಲ್ಲ. ಅದೇ ಹೆಣವನ್ನು ಬೇರೊಂದು ದಿನ, ಹಲಗೆಯಿಲ್ಲದೆ ಅಂಗಳದಲ್ಲಿ ಮಲಗಿಸಿದರೆ ಅತ್ತವರನ್ನು ದಡ್ಡರೆನ್ನಬಹುದೇ?

ಅಮೆರಿಕದಲ್ಲಿ 2004ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರಿ ವಿಯೆಟ್ನಾಂ ಯುದ್ಧದಲ್ಲಿ ನೌಕಾಪಡೆಯ ಗಸ್ತು ದೋಣಿಯಲ್ಲಿದ್ದವರು. ಗಾಯಗೊಂಡ ಸೈನಿಕರಿಗೆ ಕೊಡುವ 'ಪರ್ಪಲ್ ಹಾರ್ಟ್' ಪದಕ ಅವರಿಗೆ ಮೂರು ಸಲ ಬಂದಿತ್ತು. ಆ ಗಾಯಗಳನ್ನು ಅಣಕಿಸಲು ಎದುರಾಳಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಕೆಲವು ಪ್ರತಿನಿಧಿಗಳು ನೇರಳೆ ಹೃದಯದ ಬ್ಯಾಂಡೇಜು ಅಂಟಿಸಿಕೊಂಡು ಕುಳಿತರು. ಕ್ರೂರ ಕುಚೋದ್ಯವೇ ಸರಿ, ಆದರೆ ಅಣಕಿಸುತ್ತಿರುವವರು ಯಾರೆಂಬುದು ಎಲ್ಲರಿಗೂ ಕಾಣುತ್ತಿತ್ತು. ನಾನೋ, ನನ್ನ ಮಾತನ್ನು ಇನ್ನೊಬ್ಬರ ಬಾಯಿಗೆ ತುರುಕಿ ಮರೆಯಲ್ಲಿ ಕುಳಿತಿದ್ದೆ. ಅದೂ ದೂರದ ಗಡಿಯ ಸೇವೆಯ ಬಗ್ಗೆ. ಓಣಿಯವರು ಯಾರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು?

ಆಮೇಲೆ ತಿಳಿಯಿತು: ಆ ಮನುಷ್ಯ ಸೇನೆಯ ಸರಬರಾಜು ವಿಭಾಗದಲ್ಲಿ 17 ವರ್ಷ ಗುಮಾಸ್ತರಾಗಿದ್ದರು. ಫ್ಲೆಕ್ಸ್‌ನಲ್ಲಿ 'ಮಾಜಿ ಸೈನಿಕ' ಎಂದಷ್ಟೇ ಇತ್ತು. ಸಿಯಾಚಿನ್ ನನ್ನ ಕೊಡುಗೆ.

ಮತದಾನಕ್ಕೆ ಎರಡು ದಿನವಿರುವಾಗ ನಮ್ಮ ಮನೆಗೂ ಬಂದರು. ಕರಪತ್ರ ಕೊಡುವ ಮೊದಲೇ, "ತಾಯಿ, ನಾನು ಸಿಯಾಚಿನ್‌ಗೆ ಹೋದವನಲ್ಲ" ಎಂದರು. ನಾನು ಒಳಕೋಣೆಯಲ್ಲೇ ಉಳಿದೆ. ಅವ್ವ ಚಹಾ ಕೊಟ್ಟು ಕಳುಹಿಸಿ, ಬಾಗಿಲು ಮುಂದೆ ಮಾಡಿ ಒಳಗೆ ಬಂದಳು.

"ಪಾಪ, ಸುಳ್ಳು ಹೇಳಿದ್ದನ್ನು ಈಗಲಾದರೂ ಒಪ್ಪಿಕೊಂಡ" ಎಂದಳು.