ಬನಿಯನ್ನು, ಬಚ್ಚಲ ಒಲೆ, 30 ಪರ್ಸೆಂಟ್ ಚಿಕೋರಿ

ರೂಮ್‌ಮೇಟ್ ಅಂದರೆ ಚಿಕ್ಕಮಗಳೂರಿನಲ್ಲಿ ಈಗಲೂ ಹುಬ್ಬೇರಿಸುವವರಿದ್ದಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾವಿಬ್ಬರೂ ಒಂದೇ ರೂಮಿನಲ್ಲಿ ಇರಲಿಲ್ಲ. ಓನರ್ ಅಜ್ಜಿಯ ಹಳೇ ಹೆಂಚಿನ ಮನೆ. ಎಡಗಡೆ ರೂಮು ನನ್ನದು, ಬಲಗಡೆಯದು ಅವನದು, ನಡುವೆ ಅಜ್ಜಿ ಮತ್ತು ಅಜ್ಜಿಯ ಟಿವಿ. ಅಡುಗೆಮನೆ, ಬಚ್ಚಲು ಮಾತ್ರ ಎಲ್ಲರಿಗೂ ಒಂದೇ. ಜಗಳಕ್ಕೆ ಅಷ್ಟು ಸಾಕಲ್ವಾ?

ಶುರುವಾಗಿದ್ದು ಕಾಫಿಪುಡಿಯಿಂದ. ನಾನು ಹಾಸನದವಳು, 70ಕ್ಕೆ 30 ಚಿಕೋರಿ ಬೆರೆಸಿದ ಪುಡಿಯಲ್ಲೇ ಬೆಳೆದವಳು. ಅವನು ಮೂಡಿಗೆರೆ ಕಡೆಯವನು. ಅಪ್ಪನಿಗಿರುವುದು ಎರಡೆಕರೆ ತೋಟ, ಮಾತು ಮಾತ್ರ ಬಾಬಾಬುಡನ್ ಆ ಏಳು ಬೀಜ ತಂದು ಇವನ ಕೈಗೇ ಕೊಟ್ಟ ಹಾಗೆ. 'ಚಿಕೋರಿ ಅಂದ್ರೆ ಬೇರು ಕಣ್ರೀ. ನೀವು ಕುಡಿಯೋದು ಕಾಫಿ ಅಲ್ಲ, ಕಷಾಯ' ಅಂದ. ಕಾನೂನೇ 49 ಪರ್ಸೆಂಟ್ ತನಕ ಬೆರೆಸಬಹುದು ಅನ್ನುತ್ತೆ, ನಂದು ಬರೀ 30 ಅಂದೆ. 'ಕಾನೂನಿಗೆ ನಾಲಿಗೆ ಇಲ್ವಲ್ಲ!'

ಮನೆಯಲ್ಲಿದ್ದದ್ದು ಒಂದೇ ಹಿತ್ತಾಳೆ ಫಿಲ್ಟರ್. ಅವನು ಐದೂವರೆಗೆ ಎದ್ದು ತನ್ನ ಡಿಕಾಕ್ಷನ್ ಇಳಿಸಿಬಿಡುತ್ತಿದ್ದ. ನಾನು ಐದಕ್ಕೆ ಎದ್ದೆ. ಅವನು ನಾಲ್ಕೂವರೆಗೆ ಎದ್ದ. ಅಜ್ಜಿಗೆ ಖುಷಿಯೋ ಖುಷಿ, ಹಾಲು ತರೋಕೆ ಇಬ್ಬಿಬ್ಬರು ಸಿಕ್ಕಿದ್ದರು.

ಜುಲೈ ಬಂತು. ಪುನರ್ವಸು ಮಳೆ ಹಿಡಿದರೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಇಬ್ಬರ ಬಟ್ಟೆಯನ್ನೂ ಅಲ್ಲೇ ನೇತುಹಾಕುತ್ತಿದ್ದೆವು. ಹೊರಗೆ ಹೋದರೆ ಇಬ್ಬರ ಮೈಯಲ್ಲೂ ಒಂದೇ ಹೊಗೆ ವಾಸನೆ, ಜನ ಆಗಲೇ ಅನುಮಾನ ಪಡಬೇಕಿತ್ತು.

ಒಂದು ಬೆಳಿಗ್ಗೆ ಹಾಲು ಉಕ್ಕುತ್ತಿದೆ, ಮಸಿಬಟ್ಟೆ ಕಾಣಿಸ್ತಿಲ್ಲ. ಹಗ್ಗದ ತುದಿಯಲ್ಲಿ ತೂತುತೂತಾದ ಒಂದು ಹಳೇ ಬಟ್ಟೆ ಇತ್ತು, ಎಳೆದುಕೊಂಡೆ. ಎಂಟು ದಿನ ಅದರಲ್ಲೇ ಪಾತ್ರೆ ಇಳಿಸಿದೆ, ಸ್ಟವ್ ಒರೆಸಿದೆ, ಒಮ್ಮೆ ನೆಲವನ್ನೂ. ಒಂಬತ್ತನೇ ದಿನ ಅವನು ಬಾಗಿಲಲ್ಲೇ ನಿಂತುಬಿಟ್ಟ.

'ಅದು ನನ್ನ ಬನಿಯನ್ನು.'

ಬಿಡಿಸಿ ನೋಡಿದೆ. ಹೌದು, ಒಂದು ಕುತ್ತಿಗೆ, ಎರಡು ಕಂಕುಳು, ಉಳಿದ ತೂತುಗಳು ಅದರದ್ದೇ. 'ಇಷ್ಟೊಂದು ತೂತಿದ್ರೆ ಯಾವುದು ಕುತ್ತಿಗೆ ಅಂತ ಹೇಗ್ರೀ ಗೊತ್ತಾಗುತ್ತೆ?' ಅಂದುಬಿಟ್ಟೆ. ಅನ್ನಬಾರದಿತ್ತು.

ಮೂರು ದಿನ ಅವನು ಮಾತಾಡಲಿಲ್ಲ. ಬರೀ ಅಜ್ಜಿಯ ಸೀರಿಯಲ್ ಸದ್ದು. ಹೇಳೋಕೆ ನಾಚಿಕೆ, ಆದರೂ ಬೇಕಂತಲೇ ಗೀಸರ್ ಇಲ್ಲದ ಆ ಮನೆಯ ಹಂಡೆ ನೀರನ್ನೆಲ್ಲ ಖಾಲಿ ಮಾಡಿ ನೋಡಿದೆ, ಬೈಯಲಿ ಅಂತ. ತಣ್ಣೀರಲ್ಲೇ ಸ್ನಾನ ಮಾಡಿ ಹೋದ ಪುಣ್ಯಾತ್ಮ.

ನಾಲ್ಕನೇ ದಿನ ಆರು ಗಂಟೆಗೆ ಎದ್ದು ಹೋದರೆ ಡಿಕಾಕ್ಷನ್ ಇಳಿದು ಕೂತಿತ್ತು. ಮುಚ್ಚಳ ತೆಗೆದರೆ ನನ್ನ ಪುಡಿಯ ಘಮ. 'ಕತ್ತಲಲ್ಲಿ ಡಬ್ಬಿ ತಪ್ಪಾಯ್ತು' ಅಂದ. ಲೈಟು ಉರೀತಿತ್ತು. ತಾನೂ ಒಂದು ಲೋಟ ಬೆರೆಸಿಕೊಂಡು ಕುಡಿದ, ಮುಖ ಸ್ವಲ್ಪವೂ ಕಿವುಚಲಿಲ್ಲ. 'ಕಷಾಯ ಪರವಾಗಿಲ್ಲ.' ಅವತ್ತು ಸಂಜೆ ನಾನು ಎಂ.ಜಿ. ರೋಡಿಗೆ ಹೋಗಿ ಎರಡು ಹೊಸ ಬನಿಯನ್ನು ತಂದೆ. ಅವನದು 85ರ ಮೈ, ತಂದದ್ದು 95.

ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆರೆದಾಗ ನಾನು ಊರಿಗೆ ಹೊರಟೆ, ಅವನೂ ಬಂದ, ದೇವರ ದರ್ಶನಕ್ಕಂತೆ. ಕ್ಯೂ ಕರಗುವುದೇ ಇಲ್ಲ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತೆ ಅನ್ನೋದು ನಮ್ಮ ನಂಬಿಕೆ ಅಂತ ವಿವರಿಸುತ್ತಿದ್ದೆ. 'ನೀವು ಹಚ್ಚಿದ ಬಚ್ಚಲ ಒಲೆ ಅರ್ಧ ಗಂಟೆಯೂ ಉರಿಯಲ್ವಲ್ಲ' ಅಂದ. ನಾನು ಬಿಡ್ತೀನಾ? ಒದ್ದೆ ಸೌದೆ ತಂದವರ್ಯಾರು ಅಂತ ಶುರುಮಾಡಿದೆ. ಹಿಂದೆ ನಿಂತಿದ್ದ ಹೆಂಗಸು ತಡೆಯಲಾರದೆ, 'ಗಂಡ ಹೆಂಡ್ತಿ ಮನೇಲಿ ಜಗಳ ಆಡ್ಕೊಳ್ಳಿ, ಲೈನು ಮುಂದೆ ಹೋಗಿದೆ ನೋಡಿ' ಅಂದರು. ಅಲ್ಲ ಅನ್ನಲಿ ಅಂತ ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರೂ ಸುಮ್ನೆ ಮುಂದೆ ಸರಿದೆವು.

ಅಜ್ಜಿಗೆ ಹೇಳಿದ್ದು ದೀಪಾವಳಿ ಕಳೆದ ಮೇಲೆ. ಟಿವಿ ಸೌಂಡು ಕಡಿಮೆ ಮಾಡಿ ಕೇಳಿಸಿಕೊಂಡರು, ಕನ್ನಡಕ ಏರಿಸಿ ಇಬ್ಬರನ್ನೂ ನೋಡಿದರು.

'ಅದೆಲ್ಲ ಸರಿ ಕಣೇ, ಇನ್ನೊಂದು ರೂಮಿನ ಬಾಡಿಗೆ ಯಾರು ಕೊಡ್ತಾರೆ?'