ಹುಳುಗಳ ಹುಟ್ಟುಹಬ್ಬ ಯಾಕಾಗಬಾರದು?

ಮಗಳ ಐದನೇ ಹುಟ್ಟುಹಬ್ಬಕ್ಕೆ ಈ ಸಲ ಹುಳುಗಳೇ ಥೀಮು ಎಂದು ಊರಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ, ಒಳ್ಳೇ ದಿನ ಅದೇನು ಹುಳ ಹುಪ್ಪಟೆಯೋ! ಹೆಣ್ಣು ಮಗು, ರಾಜಕುಮಾರಿ ಥರ ಮಾಡಬಾರದೇನೋ?" ಅಂದಳು ಅಕ್ಕ. ಮಾತು ಚುಚ್ಚಿತು. ಮಗು ಬಾಯಿಬಿಟ್ಟು ಕೇಳಿದ್ದೇ ಹುಳುಗಳನ್ನು.

ನಮ್ಮ ಕಡೆ ಮಕ್ಕಳ ಹುಟ್ಟುಹಬ್ಬ ಈಚೆಗೆ ದೊಡ್ಡವರ ಸಮಾರಂಭವಾಗಿಬಿಟ್ಟಿದೆ. ಬಾಡಿಗೆ ಹಾಲ್, ಮೈಕು, ಫೋಟೊಗೆ ಸಾಲು. ಮಗು ಮಾತ್ರ ಜರಿ ಬಟ್ಟೆ ಚುಚ್ಚಿ ಅಳುತ್ತಿರುತ್ತದೆ.

ಊರಿನಿಂದ ದೂರ ನಾವೀಗಿರುವ ಇಲ್ಲಿ ಪಕ್ಕದ ಮನೆಯ ಹುಡುಗನ ಪಾರ್ಟಿಗೆ ಹೋಗಿದ್ದೆವು. ಏಳೆಂಟು ಮಕ್ಕಳು, ಹಿತ್ತಲು, ಬಂದವರ ಕೈಗೆಲ್ಲ ಒಂದೊಂದು ಭೂತಗನ್ನಡಿ. ಕಲ್ಲು ಎತ್ತಿ ನೋಡಬಹುದು, ಆಮೇಲೆ ಮೆಲ್ಲಗೆ ಇದ್ದಲ್ಲೇ ಇಡಬೇಕು, ಅದೊಂದೇ ನಿಯಮ. ಒಂದು ಕಲ್ಲಿನಡಿ ಬೂದು ಬಣ್ಣದ ಪುಟ್ಟ ಜೀವಿ ಮುಟ್ಟಿದ ಕೂಡಲೇ ಉಂಡೆಯಾಯಿತು. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಅದು ಮತ್ತೆ ಬಿಚ್ಚಿಕೊಂಡಾಗ ಕಾಲು ಎಣಿಸಿದರು, 14! ಕೀಟಕ್ಕಾದರೆ 6, ಜೇಡಕ್ಕೆ 8. ಹಾಗಾದರೆ ಇದು ಕೀಟವೇ ಅಲ್ಲ, ಏಡಿ ಸಿಗಡಿಗಳ ಬಳಗದ್ದು ಎಂದು ಹುಡುಗನ ಅಮ್ಮ ಹೇಳಿದಾಗ ನನಗೂ ರೋಮಾಂಚನ. ಅಷ್ಟು ಹೊತ್ತು ಯಾರೂ ಮೊಬೈಲ್ ತೆಗೆಯಲಿಲ್ಲ.

ನಾವೂ ಅದೇ ದಾರಿ ಹಿಡಿದಿದ್ದೇವೆ. ಹಳೇ ದುಪಟ್ಟಾಗಳಲ್ಲಿ ಮಕ್ಕಳನ್ನು ಸುತ್ತಿ ಕೋಶ ಮಾಡುವುದು, ಬಿಡಿಸಿಕೊಂಡು ಬಂದವರು ಚಿಟ್ಟೆ. ಮೊಟ್ಟೆ ಟ್ರೇ ಕತ್ತರಿಸಿ ಬಣ್ಣ ಬಳಿದರೆ ಕಂಬಳಿಹುಳು. ಜೀವಂತ ಹುಳುಗಳನ್ನು ಡಬ್ಬಿಯಲ್ಲಿ ತರಿಸುವುದು ಬೇಡ ಅಂದಿದ್ದೇನೆ, ಸಿಕ್ಕಷ್ಟು ಸಿಗಲಿ. ಜೇನುಹುಳು ಕಡಿದರೆ ಯಾರಿಗಾದರೂ ಅಲರ್ಜಿಯೇ ಎಂದು ಆಮಂತ್ರಣದಲ್ಲೇ ಕೇಳಿದ್ದೇವೆ. ಪುಟ್ಟ ತಮ್ಮ ತಂಗಿಯರೂ ಬರುತ್ತಾರೆ, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ಬಾಯಿಗೇ. ಆದ್ದರಿಂದ ಚಿಕ್ಕ ಪ್ಲಾಸ್ಟಿಕ್ ಇರುವೆಗಳೂ ಇಲ್ಲ. ಹುಳು ಕಂಡರೆ ಹೆದರುವ ಮಗುವಿಗೆ ಚಿತ್ರ ನೋಡಿ ಹೆಸರು ಗುರುತು ಹಾಕುವ ಕೆಲಸ. ಮುಟ್ಟಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ.

ಒಂದು ಮಾತು ಮಾತ್ರ ಒಪ್ಪಬೇಕು. ನಮಗೆ ಹುಳು ನೋಡಲು ಆಮಂತ್ರಣ ಬೇಕಿರಲಿಲ್ಲ. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆ ಸಾಕಿ, ಎಲೆ ತಿನ್ನಿಸಿ, ಮೊಟ್ಟೆ ಇಟ್ಟಿತಾ ಎಂದು ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದವಳು ಇದೇ ಅಕ್ಕ. ಇಲ್ಲಿ ಅದಕ್ಕೂ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಗೆ ಅಂತ ಬರೆದು ಕಳಿಸಬೇಕು. ಸಮಯ ಮುಗಿಯಿತೋ, ಅಪ್ಪ ಅಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಾರೆ. ಕತ್ತಲಾಗುವ ತನಕ ಅಂಗಳದಲ್ಲಿ ಉಳಿಯುವ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ನನ್ನ ಮಗಳಿಗಿಲ್ಲ. ಅದು ಕೊರತೆಯೇ.

ಆದರೂ ಊರಿನ ಈಗಿನ ಹಾಲ್, ಇಲ್ಲಿನ ಹಿತ್ತಲು, ಎರಡರಲ್ಲಿ ಒಂದು ಆರಿಸು ಅಂದರೆ ನನಗೆ ಹಿತ್ತಲೇ ಸರಿ. ಮಳೆ ಬಂದರೆ ಕೋಶದ ಆಟ ಮನೆಯೊಳಗೆ, ಹುಳು ಹುಡುಕುವುದು ಮಳೆ ನಿಂತ ಮೇಲೆ.